ಹೊಣೆ ಹೊತ್ತರೆ ಆತಂಕ ಇಳಿಯುತ್ತದೆಯೇ? ಪದೇ ಪದೇ ಕೇಳುವ ಪ್ರಶ್ನೆಗಳು

ಹುಬ್ಬಳ್ಳಿ-ಧಾರವಾಡದಲ್ಲಿ ಆಪ್ತಸಮಾಲೋಚಕಿಯಾಗಿ ಕೆಲಸ ಮಾಡುತ್ತಿರುವ ನನ್ನ ಮುಂದೆ ಅವಳಿ ನಗರದವರಷ್ಟೇ ಅಲ್ಲ, ಗದಗ ಮತ್ತು ಹಾವೇರಿ ಕಡೆಯಿಂದ ಮುಂಜಾನೆಯ ಬಸ್ಸು ಹಿಡಿದು ಬಂದವರೂ ಕುಳಿತು ಮಾತನಾಡಿದ್ದಾರೆ. ಅವರು ಕೇಳಿದ, ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇನೆ. ಉದಾಹರಣೆಗಳಲ್ಲಿ ಬರುವವರ ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.

ಹೊಣೆ ಹೆಚ್ಚಿದರೆ ಚಿಂತೆಯೂ ಹೆಚ್ಚಬೇಕಲ್ಲವೇ? ಅದು ಕಡಿಮೆಯಾಗುವುದು ಹೇಗೆ?

ಹೊಣೆ ಮತ್ತು ಹೊರೆ ಎಂಬ ಎರಡು ಮಾತುಗಳನ್ನು ನಾವು ಒಂದೇ ಎಂಬಂತೆ ಬಳಸುವುದರಿಂದ ಈ ಪ್ರಶ್ನೆ ಹುಟ್ಟುತ್ತದೆ. ಹೊರೆ ಎಂದರೆ ತಲೆಯ ಮೇಲೆ ಬಂದು ಕುಳಿತದ್ದು. ಹೊಣೆ ಎಂದರೆ ನಾವೇ ತಿಳಿದು ಕೈಗೆತ್ತಿಕೊಂಡದ್ದು. ಆತಂಕ ಬೆಳೆಯುವುದು ಹೆಚ್ಚಾಗಿ ತೀರ್ಮಾನವಾಗದೆ ಉಳಿದ ವಿಷಯಗಳ ಮೇಲೆ. ಕಂತು ಕಟ್ಟಲು ಆಗುತ್ತದೆಯೋ ಇಲ್ಲವೋ, ಮಗನಿಗೆ ಯಾವ ಕಾಲೇಜು, ಅಣ್ಣನ ಜೊತೆ ಹೊಲದ ಮಾತು ಎತ್ತಬೇಕೋ ಬೇಡವೋ ಎಂಬಂಥ ಪ್ರಶ್ನೆಗಳು ಉತ್ತರವಿಲ್ಲದೆ ನಿಂತಷ್ಟು ದಿನವೂ ಮನಸ್ಸು ಅವುಗಳ ಸುತ್ತಲೇ ಗಾಣದ ಎತ್ತಿನಂತೆ ತಿರುಗುತ್ತದೆ. "ಇದರಲ್ಲಿ ಇಷ್ಟು ನನ್ನ ಪಾಲು, ಇದನ್ನು ನಾನು ಮಾಡುತ್ತೇನೆ" ಎಂದು ಒಬ್ಬರು ಹೇಳಿಕೊಂಡ ಕ್ಷಣದಿಂದ ಆ ತಿರುಗಾಟಕ್ಕೆ ಒಂದು ದಿಕ್ಕು ಸಿಗುತ್ತದೆ.

ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎನ್ನುತ್ತಾರೆ. ಆ ಗಾದೆಯ ಮನುಷ್ಯನಿಗೆ ಮಾಡುವ ಕೆಲಸವೇ ಇರಲಿಲ್ಲ ಎಂದು ನಾನು ಭಾವಿಸುವುದಿಲ್ಲ. ಚೀಲ ಕಟ್ಟಿ, ದರ ನಿಶ್ಚಯಿಸಿ, ತನ್ನ ಪಾಲಿನದನ್ನು ಮುಗಿಸಿ ತಲೆ ಚೆಲ್ಲಿದವನು ಅವನು ಎಂದೇ ನನ್ನ ತಿಳಿವಳಿಕೆ.

ಹಾಗಾದರೆ ಆಗಿದ್ದೆಲ್ಲ ನನ್ನದೇ ತಪ್ಪು ಎಂದು ಒಪ್ಪಿಕೊಳ್ಳಬೇಕೇ?

ಖಂಡಿತ ಬೇಡ. ಈ ವಿಷಯದಲ್ಲಿ ನಾನು ಅತಿ ಹೆಚ್ಚು ಒತ್ತಿ ಹೇಳುವ ಮಾತೇ ಇದು. ತಪ್ಪು ಯಾರದು ಎಂಬ ಪ್ರಶ್ನೆ ಹಿಂದಕ್ಕೆ ನೋಡುತ್ತದೆ. ಮುಂದಿನ ಹೆಜ್ಜೆ ಯಾರದು ಎಂಬ ಪ್ರಶ್ನೆ ಎದುರಿಗೆ ನೋಡುತ್ತದೆ. ಎರಡಕ್ಕೂ ಒಂದೇ ಉತ್ತರ ಇರಬೇಕಾಗಿಲ್ಲ.

ನಮ್ಮ ಕಡೆಯ ಎರಿ ಹೊಲದ ರೈತರಿಗೆ ಇದನ್ನು ಬಿಡಿಸಿ ಹೇಳುವ ಅಗತ್ಯವೇ ಬೀಳುವುದಿಲ್ಲ. ಹೆಸರು ಬೆಳೆ ಕಿತ್ತು ಒಣಗಲು ಬಿಟ್ಟ ಹೊತ್ತಿಗೆ ಮಳೆ ಹಿಡಿದು, ಕಾಳು ಅಲ್ಲೇ ಮೊಳಕೆಯೊಡೆದರೆ ಅದು ಯಾರ ತಪ್ಪೂ ಅಲ್ಲ. ಆದರೆ ಬೆಳೆ ವಿಮೆ ಮಾಡಿಸಿದವರು ಇಂಥ ಹಾನಿಯನ್ನು 72 ಗಂಟೆಗಳ ಒಳಗೆ ತಿಳಿಸಬೇಕು ಎಂಬ ನಿಯಮವಿದೆ. ಮಳೆ ನಮ್ಮ ಕೈಯಲ್ಲಿಲ್ಲ, ಆ 72 ಗಂಟೆಗಳು ನಮ್ಮ ಕೈಯಲ್ಲಿವೆ. ಮಳೆಯನ್ನು ಶಪಿಸುತ್ತ ಕಟ್ಟೆಯ ಮೇಲೆ ಕುಳಿತವನಿಗೂ, ಕಣ್ಣೀರು ಒರೆಸಿಕೊಂಡು ಹೊಲದ ಫೋಟೋ ತೆಗೆದು ದೂರು ದಾಖಲಿಸಿದವನಿಗೂ ಆದ ನಷ್ಟ ಒಂದೇ. ಆದರೆ ಆ ರಾತ್ರಿ ಇಬ್ಬರೂ ಒಂದೇ ರೀತಿ ಮಲಗುವುದಿಲ್ಲ.

ಇದಕ್ಕೆ ಮನೋವಿಜ್ಞಾನದ ಆಧಾರವಿದೆಯೇ, ಅಥವಾ ಇದು ಬರೀ ಹಿರಿಯರ ಬುದ್ಧಿಮಾತೇ?

ಆಧಾರವಿದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಜೂಲಿಯನ್ ರಾಟರ್ 1966ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ತನ್ನ ಬದುಕಿನಲ್ಲಿ ನಡೆಯುವುದರ ಮೇಲೆ ತನ್ನ ನಡೆಯ ಪ್ರಭಾವವಿದೆ ಎಂದು ನಂಬುವವರು ಮತ್ತು ಎಲ್ಲವೂ ಅದೃಷ್ಟ ಅಥವಾ ಬಲಿಷ್ಠರ ಇಚ್ಛೆಯಂತೆ ನಡೆಯುತ್ತದೆ ಎಂದು ನಂಬುವವರು ಎಂಬ ಎರಡು ಒಲವುಗಳನ್ನು ಗುರುತಿಸಿ, ಅವನ್ನು ಅಳೆಯುವ ಪ್ರಶ್ನಾವಳಿಯನ್ನು ಮುಂದಿಟ್ಟರು. ಎರಡನೆಯ ಒಲವಿನವರಲ್ಲಿ ಆತಂಕ ಮತ್ತು ಖಿನ್ನತೆ ಸಾಮಾನ್ಯವಾಗಿ ಹೆಚ್ಚು ಎಂಬುದನ್ನು ಆಮೇಲಿನ ಅನೇಕ ಅಧ್ಯಯನಗಳು ತೋರಿಸಿದವು.

ನನಗೆ ಇನ್ನೂ ಮುಖ್ಯವಾಗಿ ಕಾಣುವುದು ಮಾರ್ಟಿನ್ ಸೆಲಿಗ್ಮನ್ ಮತ್ತು ಸ್ಟೀವನ್ ಮೇಯರ್ ಎಂಬ ಮನಶ್ಶಾಸ್ತ್ರಜ್ಞರ ಕಥೆ. 1967ರಲ್ಲಿ ಅವರು ನಾಯಿಗಳ ಮೇಲೆ ನಡೆಸಿದ ಪ್ರಯೋಗಗಳಲ್ಲಿ, ತಪ್ಪಿಸಿಕೊಳ್ಳಲಾಗದ ವಿದ್ಯುತ್ ಆಘಾತಕ್ಕೆ ಒಳಗಾದ ಪ್ರಾಣಿಗಳಲ್ಲಿ ಬಹಳಷ್ಟು, ಮುಂದೆ ತಪ್ಪಿಸಿಕೊಳ್ಳುವ ದಾರಿ ಇದ್ದಾಗಲೂ ಪ್ರಯತ್ನಿಸದೆ ಮಲಗಿಬಿಟ್ಟವು. ಅಸಹಾಯಕತೆಯನ್ನು ಅವು ಕಲಿತವು ಎಂದು ಆಗ ಅರ್ಥೈಸಲಾಯಿತು. ಸುಮಾರು 50 ವರ್ಷಗಳ ನಂತರ, 2016ರಲ್ಲಿ, ಅದೇ ಇಬ್ಬರು ವಿಜ್ಞಾನಿಗಳು ತಮ್ಮ ವಿವರಣೆಯನ್ನು ತಾವೇ ತಿರುಗುಮುರುಗು ಮಾಡಿದರು. ದೀರ್ಘ ಕಷ್ಟದಲ್ಲಿ ಕೈಚೆಲ್ಲಿ ಕೂರುವುದು ಮಿದುಳಿನ ಸಹಜ ಪ್ರತಿಕ್ರಿಯೆ, ಅದನ್ನು ಯಾರೂ ಕಲಿಸಬೇಕಾಗಿಲ್ಲ. ಕಲಿಯಬೇಕಾದದ್ದು "ನನ್ನಿಂದ ಇಲ್ಲಿ ಏನೋ ಆಗುತ್ತದೆ" ಎಂಬುದನ್ನು, ಮತ್ತು ಅದನ್ನು ಕಲಿತಾಗ ಮಿದುಳಿನ ಮುಂಭಾಗವು ಕೆಳಭಾಗದ ಭಯದ ಪ್ರತಿಕ್ರಿಯೆಯನ್ನು ತಗ್ಗಿಸುತ್ತದೆ ಎಂದು ಇಲಿಗಳ ಮೇಲಿನ ಪ್ರಯೋಗಗಳ ಆಧಾರದಿಂದ ಅವರು ಬರೆದರು.

ಕೈಕಾಲು ಆಡದೆ ಕುಳಿತವರಿಗೆ ಸೋಮಾರಿ ಎಂಬ ಹಣೆಪಟ್ಟಿ ಹಚ್ಚುವವರು ಇದನ್ನು ತಿಳಿಯಬೇಕು. ಅದು ಸೋಮಾರಿತನವಲ್ಲ. ತನ್ನ ಕೈಯಿಂದ ಒಂದು ಕೆಲಸ ಆಗುತ್ತದೆ ಎಂಬ ಅನುಭವವನ್ನು ಅಂಥವರಿಗೆ ಸಣ್ಣ ಸಣ್ಣ ತುತ್ತುಗಳಲ್ಲಿ ಮತ್ತೆ ಉಣಿಸಬೇಕಾಗುತ್ತದೆ.

ಯಾವುದು ನನ್ನ ಕೈಯಲ್ಲಿದೆ, ಯಾವುದು ಇಲ್ಲ ಎಂದು ತಿಳಿಯುವುದು ಹೇಗೆ?

ನಾನು ಕನ್ನಡದ ಕ್ರಿಯಾಪದವನ್ನೇ ಒರೆಗಲ್ಲು ಮಾಡಿಕೊಂಡಿದ್ದೇನೆ. ಧಾರವಾಡದ ಸಪ್ತಾಪುರದಲ್ಲಿ ಕೋಣೆ ಹಿಡಿದು ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದ ಗದಗ ಜಿಲ್ಲೆಯ ಯುವಕನೊಬ್ಬ ನನ್ನ ಬಳಿ ಬಂದಾಗ, ಅವನಿಗೆ ಎರಡು ತಿಂಗಳಿಂದ ಸರಿಯಾಗಿ ನಿದ್ದೆ ಇರಲಿಲ್ಲ. ಬೆಳಗಿನ ಐದು ಗಂಟೆಗೆ ಎದ್ದು ಮೊದಲು ಕೈಗೆತ್ತಿಕೊಳ್ಳುತ್ತಿದ್ದದ್ದು ಪುಸ್ತಕವನ್ನಲ್ಲ, ಮೊಬೈಲನ್ನು. "ನೋಟಿಫಿಕೇಶನ್ ಯಾವಾಗ ಬಿಡ್ತಾರ್ರಿ ಮೇಡಂ, ವಯಸ್ಸು ಮುಗಿಲಿಕ್ಕೆ ಬಂತು" ಎಂಬುದು ಅವನ ಮೊದಲ ಮಾತು. ಮನಸ್ಸಿನಲ್ಲಿ ಇರುವುದನ್ನೆಲ್ಲ ಒಂದು ಹಾಳೆಯ ಮೇಲೆ ಪೂರ್ಣ ವಾಕ್ಯಗಳಲ್ಲಿ ಬರೆಯಲು ಹೇಳಿದೆ. ಹನ್ನೊಂದು ವಾಕ್ಯಗಳಾದವು. ನಂತರ ಪ್ರತಿ ವಾಕ್ಯದ ಕೊನೆಯ ಪದಕ್ಕೆ ಗೆರೆ ಎಳೆಯಲು ಹೇಳಿದೆ. ನೇಮಕಾತಿಯ ಅಧಿಸೂಚನೆ ಮುಂದೆ ಹಾಕುತ್ತಾರೆ, ಕೋರ್ಟಿಗೆ ಹೋಗುತ್ತಾರೆ, ಊರಲ್ಲಿ ಆಡಿಕೊಳ್ಳುತ್ತಾರೆ, ಅಪ್ಪನಿಗೆ ಬೇಸರವಾಗುತ್ತದೆ ಎಂಬಂಥ, ಇನ್ನೊಬ್ಬರ ಕೈಯಲ್ಲಿರುವ ವಾಕ್ಯಗಳೇ ಹೆಚ್ಚು. "ತ್ತೇನೆ" ಎಂದು ಮುಗಿದ ವಾಕ್ಯಗಳು ಎರಡೇ ಇದ್ದವು: "ಈ ಸಲವೂ ಫೇಲಾಗುತ್ತೇನೆ" ಮತ್ತು "ಊರಿಗೆ ಹೇಗೆ ಮುಖ ತೋರಿಸುತ್ತೇನೆ".

ಅವೆರಡೂ ನಾಳೆ ಕುಳಿತು ಮಾಡುವಂಥ ಕೆಲಸಗಳಲ್ಲ. ಆದ್ದರಿಂದ ಹಾಳೆಯ ಹಿಂಬದಿಯಲ್ಲಿ, "ತ್ತೇನೆ" ಎಂದು ಮುಗಿಯಬೇಕು ಮತ್ತು ನಾಳೆ ಸಂಜೆಯೊಳಗೆ ಕೈಯಾರೆ ಮಾಡಿ ಮುಗಿಸುವಂತಿರಬೇಕು ಎಂಬ ಎರಡು ಷರತ್ತುಗಳೊಂದಿಗೆ ಮತ್ತೆ ಬರೆಯಲು ಹೇಳಿದೆ. ಬಹಳ ಹೊತ್ತು ಪೆನ್ನು ಕಚ್ಚುತ್ತ ಕುಳಿತು ಆತ ಬರೆದದ್ದು ಮೂರು: ಮೊಬೈಲನ್ನು ಎಂಟು ಗಂಟೆಯವರೆಗೆ ಗೆಳೆಯನ ಕೈಗೆ ಕೊಡುತ್ತೇನೆ, ಹಳೆಯ ಪ್ರಶ್ನೆಪತ್ರಿಕೆ ಒಂದನ್ನು ಗಡಿಯಾರ ಇಟ್ಟುಕೊಂಡು ಬಿಡಿಸುತ್ತೇನೆ, ಅಪ್ಪನಿಗೆ ಫೋನ್ ಮಾಡಿ ಇನ್ನು ಎಷ್ಟು ದಿನ ಓದುವೆ ಎಂದು ನಿಜ ಹೇಳುತ್ತೇನೆ. ಮೂರನೆಯದನ್ನು ಬರೆಯುವಾಗ ಅವನ ಕೈ ನಡುಗುತ್ತಿತ್ತು. ಅವನನ್ನು ಎಲ್ಲಕ್ಕಿಂತ ಹೆಚ್ಚು ಸುಡುತ್ತಿದ್ದದ್ದು ಅಧಿಸೂಚನೆಯಲ್ಲ, ಅಪ್ಪನೊಂದಿಗೆ ಆಡದೆ ಉಳಿದಿದ್ದ ಆ ಮಾತು ಎಂದು ನಮಗಿಬ್ಬರಿಗೂ ಆಗಲೇ ಗೊತ್ತಾಯಿತು.

ನೇಮಕಾತಿ ತಡವಾಗುವುದು ಅನ್ಯಾಯವಲ್ಲ ಎಂದು ನಾನು ಹೇಳುತ್ತಿಲ್ಲ. ಅದರ ವಿರುದ್ಧ ಮನವಿ ಕೊಡಬೇಕು, ಬೀದಿಗಿಳಿದು ಕೇಳಬೇಕು. "ಮನವಿ ಕೊಡುತ್ತೇನೆ" ಎಂಬುದೂ "ತ್ತೇನೆ" ಎಂದೇ ಮುಗಿಯುತ್ತದೆ.

ಮಾಡಬೇಕಾದದ್ದು ಗೊತ್ತು, ಆದರೆ ಕೈಹಾಕಲು ಭಯ. ಏನು ಮಾಡಲಿ?

ಇದಕ್ಕೆ ನನ್ನದೇ ಅನುಭವವನ್ನು ಹೇಳುತ್ತೇನೆ. ನಮ್ಮ ಯಜಮಾನರು ತೀರಿಕೊಂಡ ವರ್ಷ, ಅವರ ಹೆಸರಿಗೆ ಒಂದು ಹಣಕಾಸು ಸಂಸ್ಥೆಯಿಂದ ಕಂದು ಬಣ್ಣದ ಲಕೋಟೆ ಬಂತು. ಏನೋ ಸಾಲ ಇರಬೇಕು, ಮನೆ ಹೋಗಬಹುದು ಎಂದು ಹೆದರಿ ಅದನ್ನು ಒಡೆಯದೆ ದೇವರ ಜಗಲಿಯ ಮೇಲೆ ಫೋಟೋದ ಹಿಂದೆ ಇಟ್ಟೆ. ನಾಲ್ಕು ತಿಂಗಳು ಪ್ರತಿದಿನ ಅದರ ಮುಂದೆ ದೀಪ ಹಚ್ಚಿದೆ. ಊದಿನಕಡ್ಡಿಯ ಬೂದಿ ಬಿದ್ದು, ಒಂದು ಮೂಲೆಗೆ ಕುಂಕುಮ ಹತ್ತಿ, ಲಕೋಟೆ ಮಾಸುತ್ತ ಹೋಯಿತು. ನನ್ನ ಎದೆಬಡಿತ ಮಾತ್ರ ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ ಏರುತ್ತಿತ್ತು. ಕೊನೆಗೆ ಪಕ್ಕದ ಮನೆಯ ಅಕ್ಕನನ್ನು ಕರೆದು, "ನೀ ಇಲ್ಲೇ ಕುಂಡ್ರವಾ, ನಾ ಒಡೀತೀನಿ" ಎಂದು ಒಡೆದೆ. ಅದರಲ್ಲಿ ಸಾಲವೂ ಇತ್ತು, ಸಾಕಷ್ಟು ದೊಡ್ಡ ಮೊತ್ತವೇ ಇತ್ತು. ಆದರೆ ಒಡೆದ ಮೇಲೆ ಅದು ಒಂದು ಸಂಖ್ಯೆಯಾಯಿತು. ಕೂಡಿಸಿ ಕಳೆದು ಲೆಕ್ಕ ಹಾಕಬಹುದಾದ ಸಂಖ್ಯೆ. ಆ ರಾತ್ರಿ ನಾನು ಅತ್ತೆ, ಅತ್ತು ಮಲಗಿದೆ, ನಾಲ್ಕು ತಿಂಗಳಲ್ಲಿ ಮೊದಲ ಸಲ ಬೆಳಗಿನವರೆಗೆ ಎಚ್ಚರವಾಗಲಿಲ್ಲ.

ಹೆದರಿಕೆ ಹುಟ್ಟಿಸುವುದರಿಂದ ದೂರ ಸರಿದರೆ ಆ ಕ್ಷಣಕ್ಕೆ ಹಾಯೆನಿಸುತ್ತದೆ, ಆ ಹಾಯೆನಿಸುವುದೇ ಮುಂದಿನ ಸಲ ಮತ್ತೆ ದೂರ ಸರಿಯುವಂತೆ ಮಾಡುತ್ತದೆ, ಹೀಗೆ ಭಯ ಬೆಳೆಯುತ್ತದೆ ಎಂಬುದು ಆತಂಕದ ಚಿಕಿತ್ಸೆಯಲ್ಲಿ ಎಲ್ಲರೂ ಒಪ್ಪುವ ಮಾತು. ಇಡೀ ಕೆಲಸವನ್ನು ನೋಡಬೇಡಿ. ಲಕೋಟೆ ಒಡೆಯುವುದು ಒಂದು ದಿನದ ಕೆಲಸ. ಓದುವುದು ಬೇಕಾದರೆ ಮರುದಿನದ ಕೆಲಸವಾಗಲಿ. ಯಾರನ್ನಾದರೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಹೊಣೆ ಹೊರುವುದೆಂದರೆ ಒಬ್ಬರೇ ಹೊರುವುದು ಎಂದಲ್ಲ.

ಸಂಘದ ಸಾಲದ ಕಂತು ತಪ್ಪಿದೆ, ವಸೂಲಿಯವರು ಮನೆಗೆ ಬರುತ್ತಾರೆ. ಇಲ್ಲಿ ನನ್ನ ಹೊಣೆ ಏನು?

ಸಾಲ ಮರಳಿಸುವುದು ನಿಮ್ಮ ಹೊಣೆ. ಅವಮಾನ ಸಹಿಸುವುದು ನಿಮ್ಮ ಹೊಣೆಯಲ್ಲ. ವರ್ಷಕ್ಕೆ 3 ಲಕ್ಷ ರೂಪಾಯಿವರೆಗೆ ಆದಾಯವಿರುವ ಕುಟುಂಬಗಳಿಗೆ ಅಡವಿಲ್ಲದೆ ಕೊಡುವ ಕಿರುಸಾಲಗಳ ಬಗ್ಗೆ ರಿಸರ್ವ್ ಬ್ಯಾಂಕ್ 2022ರಲ್ಲಿ ಹೊರಡಿಸಿದ ನಿರ್ದೇಶನಗಳ ಪ್ರಕಾರ, ಒಂದು ಕುಟುಂಬದ ಎಲ್ಲ ಸಾಲಗಳ ಕಂತು ಸೇರಿ ತಿಂಗಳ ಆದಾಯದ ಶೇ 50ನ್ನು ಮೀರುವಂತೆ ಸಾಲ ಕೊಡಬಾರದು, ಮತ್ತು ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ವಸೂಲಿಗಾಗಿ ಕರೆ ಮಾಡಬಾರದು. ಬೆದರಿಕೆ, ಬೈಗುಳಗಳಿಗೂ ಅವಕಾಶವಿಲ್ಲ. ಬಲವಂತದ ವಸೂಲಿಯನ್ನು ತಡೆಯಲು ಕರ್ನಾಟಕ ಸರ್ಕಾರ 2025ರ ಫೆಬ್ರುವರಿಯಲ್ಲಿ ಅಧ್ಯಾದೇಶವನ್ನೂ ತಂದಿತು. ಆದ್ದರಿಂದ ಬೆದರಿಸಿದವರ ಮೇಲೆ ಪೊಲೀಸರಿಗೆ ದೂರು ಕೊಡಲು ಹಿಂಜರಿಯಬೇಡಿ.

ಆಮೇಲೆ ನಿಮ್ಮ ಪಾಲಿನ ಕೆಲಸ. ಎಲ್ಲ ಸಾಲಗಳನ್ನೂ, ಕೈಗಡವನ್ನೂ, ಕಿರಾಣಿ ಅಂಗಡಿಯ ಉದ್ರಿಯನ್ನೂ ಒಂದೇ ಹಾಳೆಯ ಮೇಲೆ ಬರೆಯಿರಿ. ಮನೆಯವರಿಂದ ಮುಚ್ಚಿಟ್ಟ ಸಾಲ ಇದ್ದರೆ ಅದನ್ನು ಮೊದಲು ಹೇಳಿ. ಹಳೆಯ ಕಂತು ಕಟ್ಟಲು ಹೊಸ ಸಾಲ ಎತ್ತುವುದನ್ನು ಇಂದಿಗೆ ನಿಲ್ಲಿಸಿ. ಬಾಗಿಲು ಹಾಕಿಕೊಂಡು ಒಳಗೆ ಕೂರುವ ಬದಲು ಶಾಖೆಗೆ ಹೋಗಿ, ತಿಂಗಳಿಗೆ ಇಷ್ಟು ಆಗುತ್ತದೆ ಎಂದು ಬರೆದುಕೊಟ್ಟು ಸ್ವೀಕೃತಿ ಪಡೆಯಿರಿ. ಇದರಿಂದ ಸಾಲ ತೀರುವುದಿಲ್ಲ, ಆದರೆ ಬಾಗಿಲು ಬಡಿದ ಸದ್ದಿಗೆ ಜೀವ ಹಾರುವುದು ತಪ್ಪುತ್ತದೆ.

ನಾನು ಈಗಾಗಲೇ ಎಲ್ಲರ ಹೊಣೆ ಹೊತ್ತು ಸಾಕಾಗಿದ್ದೇನೆ. ಇನ್ನೂ ಹೊರು ಎನ್ನುವಿರಾ?

ಇಳಿಸು ಎನ್ನುತ್ತೇನೆ. ಹಾವೇರಿ ಜಿಲ್ಲೆಯ ಕೂಡು ಕುಟುಂಬದ ಹಿರಿಯ ಸೊಸೆಯೊಬ್ಬರು ಅತ್ತೆಯ ಸಕ್ಕರೆ ಗುಳಿಗೆ, ಮಾವನ ಸಿಟ್ಟು, ಮಗನ ಹತ್ತನೆಯ ತರಗತಿ, ಕುಡಿಯುವ ಮೈದುನನ ಉದ್ರಿ ಎಲ್ಲವನ್ನೂ ನಿಭಾಯಿಸುತ್ತಿದ್ದರು. "ನಾ ಕೈ ಬಿಟ್ರ ಮನಿ ಬಿದ್ದು ಹೋಗ್ತೈತ್ರಿ" ಎಂಬ ಅವರ ಮಾತಿನಲ್ಲಿ ಅಭಿಮಾನವೂ ಇತ್ತು, ದಣಿವೂ ಇತ್ತು. ಮೈದುನನ ಬಾಕಿಯನ್ನು ಯಾರಿಗೂ ತಿಳಿಯದಂತೆ ತೀರಿಸುತ್ತಿದ್ದದ್ದರಿಂದ ಅವನ ಕುಡಿತದ ಫಲ ಅವನಿಗೆ ತಟ್ಟುತ್ತಲೇ ಇರಲಿಲ್ಲ. ಇನ್ನೊಬ್ಬರ ಪಾಲಿನ ಹೊಣೆಯನ್ನು ಕಿತ್ತುಕೊಂಡು ಹೊತ್ತರೆ ನಮಗೆ ಆತಂಕ, ಅವರಿಗೆ ಬೆಳೆಯುವ ಅವಕಾಶ ತಪ್ಪುವುದು. ಆ ಸೊಸೆ ಮೊದಲು ನಿಲ್ಲಿಸಿದ್ದು ಮೈದುನನ ಉದ್ರಿ ತೀರಿಸುವುದನ್ನು. ಎರಡು ವಾರ ಮನೆಯಲ್ಲಿ ದೊಡ್ಡ ರಂಪವಾಯಿತು. ಮನೆ ಬೀಳಲಿಲ್ಲ.

ಹೆಣ್ಣುಮಕ್ಕಳಿಗೆ ಇದು ಹೆಚ್ಚು ಕಷ್ಟ ಎಂಬುದನ್ನು ನಾನು ಬಲ್ಲೆ. "ಇಲ್ಲ" ಎಂದವಳಿಗೆ ಸೊಕ್ಕಿನವಳು ಎಂಬ ಹೆಸರು ತಕ್ಷಣ ಬರುತ್ತದೆ.

ತಪ್ಪು ನಿಜವಾಗಿಯೂ ನನ್ನದೇ ಆಗಿದ್ದರೆ?

ಆಗ ಒಪ್ಪಿಕೊಳ್ಳುವುದೇ ಔಷಧ, ಮತ್ತು ಅದು ಬೇಗ ಆದಷ್ಟೂ ಒಳ್ಳೆಯದು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಹಾಗೆ ಅನ್ನುತ್ತಲೇ ಇದ್ದರೆ ಪ್ರತಿದಿನ ನೆಲವನ್ನು ಕಾಯುತ್ತ ಕೂರಬೇಕಾಗುತ್ತದೆ. ಮುಚ್ಚಿಟ್ಟ ತಪ್ಪಿಗೆ ದಿನಕ್ಕೊಂದು ಸುಳ್ಳಿನ ಖರ್ಚಿದೆ. ಕ್ಷಮೆ ಕೇಳುವಾಗ "ಆದರೆ" ಎಂಬ ಪದವನ್ನು ಬಿಡಿ. ಏನು ಮಾಡಿದೆ, ಅದರಿಂದ ಅವರಿಗೆ ಏನಾಯಿತು, ಈಗ ಏನು ಸರಿಪಡಿಸುವೆ ಎಂದಷ್ಟೇ ಹೇಳಿ. ಅವರು ಕ್ಷಮಿಸುತ್ತಾರೋ ಇಲ್ಲವೋ ಎಂಬುದು "ತ್ತಾರೆ" ಎಂದು ಮುಗಿಯುವ ವಾಕ್ಯ, ಅದನ್ನು ಅವರಿಗೇ ಬಿಡಿ.

ಗಂಡ ಹೊಡೆಯುತ್ತಾನೆ. ನಾನು ಇನ್ನಷ್ಟು ಹೊಂದಿಕೊಳ್ಳುವ ಹೊಣೆ ಹೊತ್ತರೆ ಸರಿಹೋಗುತ್ತದೆಯೇ?

ಇಲ್ಲ. ಹೊಡೆಯುವವನ ಕೈಗೆ ಹೊಡೆಯುವವನೇ ಹೊಣೆ. ನಿಮ್ಮ ಹೊಣೆ ನಿಮ್ಮ ಮತ್ತು ಮಕ್ಕಳ ಸುರಕ್ಷತೆ ಮಾತ್ರ. ಮಹಿಳಾ ಸಹಾಯವಾಣಿ 181, ತುರ್ತು ಸಂದರ್ಭದಲ್ಲಿ 112.

ದೇವರ ಮೇಲೆ ಭಾರ ಹಾಕುವುದು ಹೊಣೆಗೇಡಿತನವೇ?

ನಾನು ಹಾಗೆ ಭಾವಿಸುವುದಿಲ್ಲ. ಕೈಯಲ್ಲಿರುವುದನ್ನು ಮಾಡಿ ಮುಗಿಸಿದ ಮೇಲೆ ಉಳಿದದ್ದನ್ನು ಮಠದ ಅಜ್ಜನ ಗದ್ದುಗೆಗೆ ಒಪ್ಪಿಸಿ ಬರುವವರ ಮುಖದಲ್ಲಿ ನಾನು ನಿಜವಾದ ನೆಮ್ಮದಿಯನ್ನು ಕಂಡಿದ್ದೇನೆ. ಮಾಡಬೇಕಾದದ್ದನ್ನು ಮಾಡದೆ "ಹಣೆಬರಹ" ಎಂದು ಕೂರುವವರಿಗೆ ಆ ನೆಮ್ಮದಿ ಸಿಗುವುದನ್ನು ಮಾತ್ರ ಕಂಡಿಲ್ಲ.

ರಾತ್ರಿ ಮಲಗಿದಾಗಲೇ ಎಲ್ಲ ಚಿಂತೆಗಳೂ ಮುತ್ತುತ್ತವೆ. ಏನು ಮಾಡಬಹುದು?

ಚಿಂತೆಗೂ ಒಂದು ಹೊತ್ತನ್ನು ಗೊತ್ತುಮಾಡಿ. ಸಂಜೆ ಅರ್ಧ ಗಂಟೆ, ಒಂದೇ ಜಾಗದಲ್ಲಿ, ಕಾಗದ ಹಿಡಿದು ಕುಳಿತು ಚಿಂತಿಸಿ. ಬೇರೆ ಹೊತ್ತಿನಲ್ಲಿ ಬಂದ ಚಿಂತೆಗೆ "ಸಂಜೆ ಬಾ" ಎಂದು ಹೇಳಿ. ಆತಂಕದ ಚಿಕಿತ್ಸೆಯಲ್ಲಿ ಬಹಳ ಹಿಂದಿನಿಂದ ಬಳಸುತ್ತಿರುವ ವಿಧಾನ ಇದು. ಒಂದೆರಡು ವಾರ ಬಿಡದೆ ಮಾಡಿದರೆ ಫಲ ಕಾಣುತ್ತದೆ. ದೇಹದ ಹೊಣೆಯನ್ನೂ ಮರೆಯಬೇಡಿ. ನಮ್ಮ ಕಡೆ ಮನೆಗೆ ಯಾರೇ ಬಂದರೂ ಚಹಾ ಆಗಲೇಬೇಕು, ದಿನಕ್ಕೆ ಎಂಟು ಕಪ್ ಕುಡಿಯುವವರು ಅಪರೂಪವಲ್ಲ. ಚಹಾದ ಕೆಫೀನ್ ಎದೆಬಡಿತವನ್ನು ಏರಿಸುತ್ತದೆ, ನಿದ್ದೆಯನ್ನು ಕದಿಯುತ್ತದೆ. ಮಧ್ಯಾಹ್ನದ ನಂತರದ ಚಹಾ ಬಿಟ್ಟು ನೋಡಿ. ಎದೆ ಡವಡವ ಎಂದಾಗ ಉಸಿರನ್ನು ಎಳೆದುಕೊಳ್ಳುವುದಕ್ಕಿಂತ ಬಿಡುವುದನ್ನು ನಿಧಾನ ಮಾಡಿ.

ಇಷ್ಟೆಲ್ಲ ಮಾಡಿದರೂ ಆತಂಕ ಇಳಿಯದಿದ್ದರೆ?

ಆಗ ವೈದ್ಯರನ್ನು ಕಾಣುವುದೇ ನಿಮ್ಮ ಮುಂದಿನ ಹೊಣೆ, ಅದು ಸೋಲಲ್ಲ. ಆರು ತಿಂಗಳಿಂದ ಹೆಚ್ಚಿನ ದಿನಗಳಲ್ಲಿ ಹಿಡಿತಕ್ಕೆ ಸಿಗದ ಚಿಂತೆ, ಅದರ ಜೊತೆ ನಿದ್ದೆಗೇಡು, ಸುಸ್ತು, ಮೈಕೈ ಬಿಗಿತ, ಸಿಡುಕು ಇದ್ದರೆ ಅದು ಕಾಯಿಲೆಯಾಗಿರಬಹುದು. ಥೈರಾಯ್ಡ್ ಹೆಚ್ಚಾದಾಗಲೂ ಇಂಥದೇ ನಡುಕ, ಎದೆಬಡಿತ ಬರುವುದರಿಂದ ರಕ್ತಪರೀಕ್ಷೆ ಮಾಡಿಸುವುದು ಒಳ್ಳೆಯದು. ಎದೆನೋವು ಬಂದರೆ ಆತಂಕವೇ ಇರಬೇಕೆಂದು ಮನೆಯಲ್ಲಿ ಕೂರದೆ ಮೊದಲು ಆಸ್ಪತ್ರೆಗೆ ಹೋಗಿ. ಆತಂಕಕ್ಕೆ ಕೊಡುವ ಕೆಲವು ಗುಳಿಗೆಗಳ ಫಲ ಕಾಣಲು ಕೆಲವು ವಾರಗಳು ಬೇಕಾಗುತ್ತವೆ. ಅವುಗಳನ್ನು ನಡುವೆ ತಾವಾಗಿಯೇ ನಿಲ್ಲಿಸಬಾರದು.

ಧಾರವಾಡದ ಡಿಮ್ಹಾನ್ಸ್ ಎಂದು ಎಲ್ಲರೂ ಕರೆಯುವ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ ನಮ್ಮ ಮೂರೂ ಜಿಲ್ಲೆಗಳವರಿಗೆ ಹತ್ತಿರದ ದೊಡ್ಡ ಸರ್ಕಾರಿ ಕೇಂದ್ರ. ಅಷ್ಟು ದೂರ ಬರಲಾಗದವರಿಗೆ, ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಡಿ ತಾಲೂಕು ಆಸ್ಪತ್ರೆಗಳಲ್ಲಿ ಮಂಗಳವಾರಗಳಂದು ಮನೋವೈದ್ಯರ ಸೇವೆ ಇರುತ್ತದೆ. ನಿಮ್ಮ ತಾಲೂಕಿಗೆ ಯಾವ ಮಂಗಳವಾರ ಎಂದು ಆಸ್ಪತ್ರೆಯಲ್ಲಿ ಮೊದಲೇ ಕೇಳಿಕೊಳ್ಳಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ಸರ್ಕಾರಿ ವ್ಯವಸ್ಥೆಯಲ್ಲಿ ಈ ಚಿಕಿತ್ಸೆ ಪಡೆಯುವುದನ್ನು ಪ್ರತಿಯೊಬ್ಬರ ಹಕ್ಕೆಂದು ಹೇಳಿದೆ.

ಬದುಕು ಬೇಡ ಎಂಬ ಯೋಚನೆ ಬಂದರೆ ಬೆಳಗಾಗುವವರೆಗೆ ಕಾಯಬೇಡಿ. ಟೆಲಿ ಮನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಉಚಿತವಾಗಿ ತೆರೆದಿರುತ್ತದೆ, ಕನ್ನಡದಲ್ಲೇ ಮಾತನಾಡಬಹುದು. ಮನೆಯಲ್ಲಿ ಇನ್ನೊಬ್ಬರು ಇಂಥ ಮಾತನಾಡಿದರೆ ಅವರನ್ನು ಒಂಟಿಯಾಗಿ ಬಿಡಬೇಡಿ, ಹೊಲಕ್ಕೆ ಹೊಡೆಯುವ ಔಷಧವನ್ನು ಅದೇ ದಿನ ಮನೆಯಿಂದ ಹೊರಗೆ ಸಾಗಿಸಿ, ಮತ್ತು ಅವರ ಫೋನಿನಿಂದಲ್ಲದಿದ್ದರೆ ನಿಮ್ಮ ಫೋನಿನಿಂದ ಆ ಸಂಖ್ಯೆಗೆ ಕರೆ ಮಾಡಿ.